ಎದುರಾಳಿ ಇಲ್ಲದ ಇಸ್ಪೀಟು: ಆಡುವವರು ಏನಂತಾರ?

ಗದಗ: ಇಸ್ಪೀಟ್ ಎಲೆಗೂ ಪತ್ರಿಕೆಗೂ ಇರುವ ನಂಟು ಹಳೇದು, ಆದರೆ ಒಳ್ಳೇದಲ್ಲ. ದೀಪಾವಳಿ ಹತ್ತಿರ ಬಂತೆಂದರೆ ಹಳ್ಳದ ದಂಡಿ, ಪಾಳುಬಿದ್ದ ಗೋಡೌನು, ಹೊಲದ ಬದು, ಎಲ್ಲ ಕಡೆ ಅಂದರ್-ಬಾಹರ್. ಪೊಲೀಸರ ದಾಳಿ. ಮರುದಿನ ನಾಲ್ಕು ಸಾಲಿನ ಸುದ್ದಿ. ಕಣದಲ್ಲಿದ್ದ ರೊಕ್ಕ ಇಷ್ಟು, ಸಿಕ್ಕಿಬಿದ್ದವರು ಇಷ್ಟು ಮಂದಿ, ಕೊನೆಗೆ 'ಹಾಗೂ 52 ಇಸ್ಪೀಟ್ ಎಲೆ' ಎಂಬ ಮಾಮೂಲಿ ಮಾತು.

ಅವೇ 52 ಎಲೆ ಈಗ ಅವಳಿ ನಗರದ ಎಷ್ಟೋ ಮಂದಿಯ ಕಿಸೆಯೊಳಗೆ ಹಗಲುರಾತ್ರಿ ಇರುತ್ತವೆ. ಠಾಣೆಯ ಎದುರಿನ ಚಹಾದಂಗಡಿಯಲ್ಲಿ ಕೂತು ಆಡಿದರೂ ಯಾರೂ ಹಿಡಿಯುವುದಿಲ್ಲ. ಯಾಕಂದರೆ ಆಡುವವ ಒಬ್ಬನೇ, ಕಣದಲ್ಲಿ ರೊಕ್ಕ ಇಲ್ಲ, ಎಲೆ ಇರುವುದು ಮೊಬೈಲಿನ ಗಾಜಿನ ಕೆಳಗೆ. ಆಟದ ಹೆಸರು ಸಾಲಿಟೇರ್. ಹಳಬರು ಪೇಷನ್ಸ್ ಅನ್ನುತ್ತಿದ್ದರು, ಅಂದರೆ ತಾಳ್ಮೆ.

ಹಂಗಾದರೆ ಈ ಆಟದಲ್ಲಿ ಕಳಕೊಳ್ಳೋದು ಏನೂ ಇಲ್ಲೇನು? ಗದಗ-ಬೆಟಗೇರಿಯಿಂದ ಮುಂಡರಗಿತನಕ ಆಡುವವರನ್ನೇ ಕೇಳಿದರೆ 'ಐತ್ರಿ' ಅನ್ನುವವರೇ ಬಹಳ. ಏನು ಅನ್ನುವುದರಲ್ಲಿ ಮಾತ್ರ ಒಮ್ಮತ ಇಲ್ಲ.

ಆಟ ಗೊತ್ತಿಲ್ಲದವರಿಗೆ

ಮೊದಲು ಆಟದ ಬಗ್ಗೆ ಎರಡು ಮಾತು. ಏಳು ಸಾಲಿನಲ್ಲಿ 28 ಎಲೆ ಹಾಕಿರುತ್ತಾರೆ. ಮೊದಲ ಸಾಲಿಗೆ ಒಂದು, ಎರಡನೆಯದಕ್ಕೆ ಎರಡು, ಹೀಗೆ ಏಳನೆಯದಕ್ಕೆ ಏಳು. ಪ್ರತಿ ಸಾಲಿನ ಕೊನೆಯ ಎಲೆ ಮಾತ್ರ ಮುಖ ಮೇಲೆ. ಉಳಿದ 21 ಎಲೆ ಬೋರಲು. ಮಿಕ್ಕ 24 ಎಲೆ ಪಕ್ಕದ ಕಟ್ಟಿನಲ್ಲಿ. ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು, ಇಳಿಕೆಯ ಕ್ರಮದಲ್ಲಿ ಇಟ್ಟುಕೊಂಡು ಹೋಗಬೇಕು. ಎಕ್ಕ ಸಿಕ್ಕಿತೋ, ಮೇಲಿನ ಮನೆಗೆ ಏರಿಸಬೇಕು. ನಾಲ್ಕೂ ಜಾತಿ ಎಕ್ಕದಿಂದ ರಾಜನತನಕ ಮನೆ ಸೇರಿದರೆ ಗೆದ್ದಂತೆ. ಇದಕ್ಕೆ ಕ್ಲಾಂಡೈಕ್ ಎಂದು ಹೆಸರು. ಕೆನಡಾದಲ್ಲಿ 1896ರ ಹೊತ್ತಿಗೆ ಚಿನ್ನ ಸಿಕ್ಕಿತೆಂದು ಮಂದಿ ಗಂಟುಮೂಟೆ ಕಟ್ಟಿಕೊಂಡು ಓಡಿದ ಸೀಮೆಯ ಹೆಸರದು. ಸಾಲಿಟೇರ್‌ನಲ್ಲಿ ಬೇರೆ ಬಗೆಗಳೂ ಇವೆ. ನಮ್ಮ ಕಡೆ ಆಡುವವರು ಸಾಲಿಟೇರ್ ಅಂದರೆ ಬಹುತೇಕ ಇದೇ.

ಇದು ಮಂದಿಯ ಕೈಗೆ ಬಂದ ದಾರಿಯೂ ಮಜಾ ಇದೆ. 1990ರಲ್ಲಿ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 3.0 ಎಂಬ ಕಂಪ್ಯೂಟರ್ ವ್ಯವಸ್ಥೆಯ ಜೊತೆಗೆ ಇದನ್ನು ಪುಕ್ಕಟೆ ಕೊಟ್ಟಿತು. ಬರೆದವನು ವೆಸ್ ಚೆರಿ ಎಂಬ ಕಲಿಕೆಯ ಹುಡುಗ. ಎಲೆಗಳ ಚಿತ್ರ ಸೂಸನ್ ಕೇರ್ ಎಂಬ ಕಲಾವಿದೆಯದು. ಮೌಸ್ ಹಿಡಿದು ವಸ್ತುವನ್ನು ಎಳೆದು ಇಡುವುದು ಮಂದಿಗೆ ರೂಢಿಯಾಗಲಿ ಎಂಬುದೂ ಕಂಪನಿಯ ಲೆಕ್ಕ. ಜಗತ್ತೆಲ್ಲ ಆಡಿದ ಆಟಕ್ಕೆ ಚೆರಿಗೆ ಸಿಕ್ಕ ರಾಯಲ್ಟಿ ಸೊನ್ನೆ! 2020ರಲ್ಲಿ ಆಟಕ್ಕೆ 30 ವರ್ಷ ತುಂಬಿದಾಗ, ತಿಂಗಳಿಗೆ 3.5 ಕೋಟಿ ಮಂದಿ ಆಡುತ್ತಾರೆ ಎಂದು ಕಂಪನಿಯೇ ಹೇಳಿಕೊಂಡಿತು. ಅದು ಒಂದು ಕಂಪನಿಯ ಲೆಕ್ಕ. ಮೊಬೈಲಿನಲ್ಲಿ ಇದೇ ಆಟ ಕೊಡುವ ಕಂಪನಿಗಳು ಹತ್ತಾರು.

ಬೆಟಗೇರಿ: 'ಹೂವಿನ ಗುಲಾಮ'

ಗದಗ ಪ್ರೆಸ್ಸಿನ ಊರು, ಬೆಟಗೇರಿ ಮಗ್ಗದ ಊರು. ಎರಡೂ ಕಡೆ ಕಾಯುವ ಕೆಲಸ ಬಹಳ. ಮಾಲೀಕರ ಕಡೆಯಿಂದ ಹಾಸಿನ ನೂಲು ಬರೋತನಕ ನೇಕಾರ ಸುಮ್ಮನೆ ಕೂಡಬೇಕು. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿ ಬರೋತನಕ ಕೆಲಸಗಾರ ಕೂಡಬೇಕು. ಮಲ್ಲಸಮುದ್ರದ ಕಡೆ ಇರುವ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ದವಾಖಾನೆಯಲ್ಲಂತೂ ರೋಗಿಯ ಜೊತೆ ಬಂದವರಿಗೆ ಕಾಯುವುದೇ ಉದ್ಯೋಗ. ಅಲ್ಲೆಲ್ಲ ಈ ಆಟ ಕಾಣುತ್ತದೆ. ಹಾಡು ಹಚ್ಚಿದರೆ ಬಾಜೂದವರಿಗೆ ತ್ರಾಸು, ವೀಡಿಯೋ ನೋಡಿದರೆ ಡೇಟಾ ಖರ್ಚು. ಇದಕ್ಕೆ ಎರಡೂ ಇಲ್ಲ ಎಂಬುದು ಆಡುವವರು ಕೊಡುವ ಮೊದಲ ಕಾರಣ.

ಎರಡನೆಯ ಕಾರಣ ಹೆಣ್ಣುಮಕ್ಕಳಿಂದ ಬಂದದ್ದು, ಮತ್ತು ಅದೇ ಹೆಚ್ಚು ತೂಕದ್ದು. ಈ ಭಾಗದ ಮನೆಗಳಲ್ಲಿ ಇಸ್ಪೀಟ್ ಎಲೆ ಗಂಡಸರ ಕೈಯ ವಸ್ತು. ಪಂಚಮಿ, ದೀಪಾವಳಿಯಲ್ಲಿ ಕಟ್ಟು ಬಿಚ್ಚಿದರೆ ಅಕ್ಕತಂಗೇರು ಚಹಾ ಮಾಡಿಕೊಟ್ಟು ಒಳಗೆ ಹೋಗಬೇಕು. ಬೆಟಗೇರಿಯ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಅರವತ್ತು ದಾಟುವತನಕ ಒಂದು ಎಲೆಯನ್ನೂ ಮುಟ್ಟಿರಲಿಲ್ಲವಂತೆ. ಆಟೀನು, ಕಳಾವರ್ ಎಂಬ ಹೆಸರು ಅವರಿಗೆ ಇವತ್ತಿಗೂ ಬಾಯಿಗೆ ಬರುವುದಿಲ್ಲ. ತಾವೇ ಹೆಸರಿಟ್ಟುಕೊಂಡಿದ್ದಾರೆ: ಹೃದಯ, ವಜ್ರ, ಹೂವು, ಎಲಿ. 'ಹೃದಯದ ರಾಣಿ ಮ್ಯಾಲ ಹೂವಿನ ಗುಲಾಮನ್ನ ಇಡಬೇಕ್ರಿ' ಅಂತ ಮೊಮ್ಮಗಳಿಗೆ ಪಾಠ ಹೇಳುವಷ್ಟು ಪಳಗಿದ್ದಾರೆ. ಯಜಮಾನರು ಮಾತ್ರ, 'ನಮ್ಮ ಮನ್ಯಾಗ ಇಸ್ಪೀಟು ನೀ ಚಾಲೂ ಮಾಡಿದಿ ನೋಡು' ಅಂತ ದಿನಾ ಚಾಷ್ಟಿ ಮಾಡುತ್ತಾರಂತೆ.

ಅವರ ದೂರು ಒಂದೇ. ಆಟದಲ್ಲಿ ಬರೆದಿರುವುದೆಲ್ಲ ಇಂಗ್ಲಿಷು. 'ಗೆದ್ದೀರಿ' ಅನ್ನೋ ಒಂದು ಮಾತು ಕನ್ನಡದಾಗ ಬಂದಿದ್ದರ ಅವರ ಗಂಟೇನು ಹೋಗ್ತಿತ್ತು? ಪ್ರಶ್ನೆ ಸಣ್ಣದಲ್ಲ. ಎಲೆ ಆಟಕ್ಕೆ ತಮ್ಮದೇ ಹೆಸರು, ತಮ್ಮದೇ ಚಿತ್ರ ಬರೆಸಿ ಹೊಸ ಹೊಸ ಬಗೆ ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ನಾಡಿದು. ಮೈಸೂರು ಗಂಜೀಫಾ ಎಲೆಗಳನ್ನು ಇವತ್ತು ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ನೋಡಬೇಕು.

ಪ್ರೆಸ್ಸಿನ ಹಳೆಯ ಮೊಳೆ ಜೋಡಿಸುವ ಕೆಲಸಗಾರರೊಬ್ಬರ ತಕರಾರು ಬೇರೆ. ಅವರು ಕೈಯಲ್ಲಿ ಕಟ್ಟು ಹಿಡಿದು ಪೇಷನ್ಸ್ ಆಡಿದವರು. ಕೈಯಾಟದಲ್ಲಿ ಬೋರಲು ಎಲೆಯ ತುದಿ ಎತ್ತಿ ನೋಡಬಹುದಿತ್ತು, ಕೇಳುವವರು ಯಾರು? ಮೊಬೈಲ್ ಅದಕ್ಕೆ ಬಿಡೋದಿಲ್ಲ. ಆದರೆ ಅದರ ಬದಲಿಗೆ ಹಿಂದಕ್ಕೆ ಬಾಗಿದ ಬಾಣದ ಗುಂಡಿ ಇಟ್ಟಿದ್ದಾರೆ. ಒತ್ತಿದರೆ ಇಟ್ಟ ಎಲೆ ಹಿಂದಕ್ಕೆ ಬರುತ್ತದೆ. 'ಇದು ಕಳ್ಳಾಟಕ್ಕ ಲೈಸೆನ್ಸ್ ಕೊಟ್ಟಂಗಲ್ಲೇನ್ರೀ?' ಎಂಬುದು ಅವರ ಪ್ರಶ್ನೆ. ಎಲೆ ತಿರುವಿ ಅದರ ಮುಖ ನೋಡಿದ ಮೇಲೆ ಹಿಂದಕ್ಕೆ ಬರುವುದು ಕಳ್ಳತನವೇ ಎಂದು ಅವರ ವಾದ. ಹರೇದ ಹುಡುಗರು ಒಪ್ಪುವುದಿಲ್ಲ. ಮೋಸ ಮಾಡಿದರೂ ಅದು ನಮಗ ನಾವ ಮಾಡಿಕೊಂಡಿದ್ದು, ಯಾರ ಗಂಟು ಹೋತು ಅಂತಾರೆ. ಎದುರಾಳಿ ಇಲ್ಲದ ಆಟದಲ್ಲಿ ಈ ಜಗಳ ಬಗೆಹರಿಯುವುದು ಕಷ್ಟ. ಬಗೆಹರಿಯದಿದ್ದರೂ ನಡೆಯುತ್ತದೆ.

ಲಕ್ಷ್ಮೇಶ್ವರ: ನಸೀಬೋ, ಬುದ್ಧಿಯೋ?

ಲಕ್ಷ್ಮೇಶ್ವರದ ಬಜಾರಿನಲ್ಲಿ ಮಾತಿನ ವರಸೆಯೇ ಬೇರೆ. ವ್ಯಾಪಾರದ ಊರು, ಎಲ್ಲದಕ್ಕೂ ಲೆಕ್ಕ ಬೇಕು. ಕಿರಾಣಿ ಅಂಗಡಿಯ ಯಜಮಾನರೊಬ್ಬರಿಗೆ ಬಲವಾದ ಗುಮಾನಿ: ಎಲೆ ಕಲಸೋದರಾಗ ಕಂಪನಿಯವರು ಮೋಸ ಮಾಡತಾರ, ಬೇಕಂತ ಸೋಲಸ್ತಾರ. ಅದಕ್ಕೆ ಪೊಟ್ಟಣದ ಕಾಗದದ ಮೇಲೆ ಗೆದ್ದದ್ದಕ್ಕೆ ಒಂದು ಗೆರೆ, ಸೋತದ್ದಕ್ಕೆ ಒಂದು ಸೊನ್ನೆ ಹಾಕುತ್ತ ಬಂದಿದ್ದಾರೆ. ಸೊನ್ನೆಗಳದ್ದೇ ದರ್ಬಾರು.

ಅವರ ಗುಮಾನಿಗೆ ಉತ್ತರ ಇದೆ. 2019ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಸಂಶೋಧಕರು ಕಂಪ್ಯೂಟರಿನಿಂದ ಈ ಆಟವನ್ನು ಜಾಲಾಡಿದರು. ಬೋರಲು ಎಲೆ ಯಾವುವೆಂದು ಮೊದಲೇ ಗೊತ್ತಿದ್ದರೆ, ಮೂರು ಮೂರು ಎಲೆ ತೆಗೆಯುವ ಆಟದಲ್ಲೂ ನೂರಕ್ಕೆ ಸುಮಾರು 82 ಹಾಸುಗಳು ಗೆಲ್ಲಬಲ್ಲವು ಎಂದು ಅವರ ಲೆಕ್ಕ ಬಂತು. ಅಂದರೆ ನೂರಕ್ಕೆ 18 ಹಾಸುಗಳನ್ನು ಬ್ರಹ್ಮ ಬಂದು ಆಡಿದರೂ ಗೆಲ್ಲಲಾಗದು. ಇದು ಯಾರೂ ಮೋಸ ಮಾಡದೆಯೇ. ಇನ್ನು ನಮಗೆ ನಿಮಗೆ ಬೋರಲು ಎಲೆ ಕಾಣುವುದಿಲ್ಲ. ಕೆಂಪು ಏಳು ಎರಡಿದ್ದು, ಕಪ್ಪು ಆರನ್ನು ಯಾವುದರ ಮೇಲೆ ಇಡಬೇಕೆಂದು ಊಹೆಯ ಮೇಲೆ ನಡೆಯಬೇಕು. ಗೆಲ್ಲಬಹುದಾದ ಹಾಸನ್ನೂ ನಾವೇ ಕೆಡಿಸುತ್ತೇವೆ. 52 ಎಲೆ ಕಲಸಿ ಇಡುವ ಬಗೆ ಎಷ್ಟು ಎಂದು ಬರೆಯಹೊರಟರೆ 68 ಅಂಕಿಯ ಸಂಖ್ಯೆ ಬರುತ್ತದೆ. ಹೀಗಾಗಿ 'ಈ ಹಾಸು ನಿನ್ನೆ ಬಂದಿತ್ತು' ಅನ್ನುವುದು ಬಹುಮಟ್ಟಿಗೆ ಭ್ರಮೆ.

ಕೈವಾಡ ಇಲ್ಲವೇ ಇಲ್ಲ ಎಂದಲ್ಲ. ಎಷ್ಟೋ ಆಟಗಳಲ್ಲಿ ಗೆಲ್ಲಬಹುದಾದ ಹಾಸನ್ನೇ ಆರಿಸಿ ಕೊಡುವ ಏರ್ಪಾಡು ಇದೆ. ದಿನಕ್ಕೊಂದು ಸವಾಲು ಎಂದು ಕೊಡುವುದೂ ಅಂಥದ್ದೇ. ಅಲ್ಲಿ ಕೈವಾಡ ನಡೆಯುವುದು ಆಡುವವನ ಪರವಾಗಿ. ಗೆದ್ದವನು ನಾಳೆಯೂ ಬರುತ್ತಾನೆ ನೋಡಿ!

ಅಂದಹಾಗೆ ಕಿರಾಣಿ ಯಜಮಾನರ ಗೆರೆ-ಸೊನ್ನೆಯ ಲೆಕ್ಕವನ್ನು ನಕ್ಕು ತಳ್ಳಿಹಾಕುವಂತಿಲ್ಲ. 1946ರಲ್ಲಿ ಅಮೆರಿಕದಲ್ಲಿ ಸ್ಟಾನಿಸ್ಲಾವ್ ಉಲಾಮ್ ಎಂಬ ಗಣಿತಜ್ಞ ಮಿದುಳಿನ ಬೇನೆಯಿಂದ ಚೇತರಿಸಿಕೊಳ್ಳುತ್ತ ಹಾಸಿಗೆಯ ಮೇಲೆ ಒಂಟಿ ಇಸ್ಪೀಟ್ ಆಡುತ್ತಿದ್ದ. ಗೆಲ್ಲುವ ಸಂಭವ ಎಷ್ಟೆಂದು ಸೂತ್ರ ಹಾಕಿ ಹಾಕಿ ಸಾಕಾಯಿತು. ಅದರ ಬದಲು ನೂರು ಸಲ ಎಲೆ ಹಾಕಿ ಗೆದ್ದದ್ದನ್ನು ಎಣಿಸಿದರಾಯಿತಲ್ಲ ಎಂದು ಹೊಳೆಯಿತು. ಗೆಳೆಯ ಜಾನ್ ಫಾನ್ ನಾಯ್ಮನ್‌ಗೆ ಹೇಳಿದ. ಅದೇ ಮುಂದೆ ಮಾಂಟೆ ಕಾರ್ಲೋ ವಿಧಾನ ಎಂದಾಗಿ ಅಣ್ವಸ್ತ್ರದ ಲೆಕ್ಕಕ್ಕೂ ಬಂತು. ಲಕ್ಷ್ಮೇಶ್ವರದ ಪೊಟ್ಟಣದ ಕಾಗದದ ಮೇಲಿರುವುದೂ ಅದೇ ವಿದ್ಯೆ. ಹೆಸರು ಮಾತ್ರ ಗೊತ್ತಿರಲಿಲ್ಲ.

ಪಳಗಿದವರು ಹೇಳುವ ಉಪಾಯಗಳು ಇಷ್ಟು: ಕಟ್ಟಿಗೆ ಕೈ ಹಾಕುವ ಮೊದಲು ಬೋರಲು ಎಲೆ ಬಿಚ್ಚುವ ದಾರಿ ನೋಡಿ. ಬಲಗಡೆಯ ಉದ್ದ ಸಾಲು ಮೊದಲು ಒಡೆಯಿರಿ, ಹೆಚ್ಚು ಎಲೆ ಅಡಗಿರುವುದು ಅಲ್ಲಿಯೇ. ಕೈಯಲ್ಲಿ ರಾಜ ಇಲ್ಲದೆ ಸಾಲು ಖಾಲಿ ಮಾಡಬೇಡಿ, ಖಾಲಿ ಜಾಗಕ್ಕೆ ರಾಜನ ಹೊರತು ಬೇರೆಯವರಿಗೆ ಪ್ರವೇಶವಿಲ್ಲ. ಮೂರು, ನಾಲ್ಕು, ಐದನ್ನು ಅವಸರದಿಂದ ಮೇಲಿನ ಮನೆಗೆ ಏರಿಸಿದರೆ ಕೆಳಗೆ ಸಣ್ಣ ಎಲೆಗೆ ನೆಲೆ ಸಿಗದೆ ಆಟ ಕಟ್ಟಿಬೀಳುತ್ತದೆ.

ಶಿರಹಟ್ಟಿ: 'ಆ ಕೊಳ್ಳಿ ಗುಣಾಕಾರ'

ಲಕ್ಷ್ಮೇಶ್ವರದ ಮಗ್ಗುಲಿನ ಶಿರಹಟ್ಟಿಯಲ್ಲಿ ಯಾರೂ ನಸೀಬಿನ ಮಾತು ಎತ್ತಲಿಲ್ಲ. ಅಲ್ಲಿಯ ಸಿಟ್ಟೆಲ್ಲ ಜಾಹೀರಾತಿನ ಮೇಲೆ. ಒಂದು ಆಟ ಮುಗಿಯಿತು ಅನ್ನುವಷ್ಟರಲ್ಲಿ ತೆರೆಯ ತುಂಬ ಜಾಹೀರಾತು. ಬಿಡಿಸಿಕೊಂಡು ಬರಲು ಮೂಲೆಯಲ್ಲಿ ಸಾಸಿವೆಕಾಳಿನಷ್ಟು ಗುಣಾಕಾರದ ಚಿಹ್ನೆ. ಅದೂ ಕೂಡಲೇ ಕಾಣುವುದಿಲ್ಲ, ಎಣಿಕೆ ಮುಗಿಯಬೇಕು. ಒಕ್ಕಲುತನದಿಂದ ದಪ್ಪಗಾದ ಹೆಬ್ಬೆರಳು ಅದರ ಬಾಜೂಕ್ಕೆ ಬಿತ್ತೋ, ಬೇರೆ ಯಾವುದೋ ಆಟ, ಸಾಲ ಕೊಡುವ ಆ್ಯಪು, ಅರಿಯದ ಅಂಗಡಿ ಮೊಬೈಲಿನೊಳಗೆ ಇಳಿದು ಕೂಡುತ್ತದೆ. 'ಆ ಕೊಳ್ಳಿ ಗುಣಾಕಾರ ಒತ್ತೂದ ಒಂದು ಆಟ ಆಗೈತ್ರಿ' ಎಂಬ ಮಾತು ಬಸ್‌ಸ್ಟ್ಯಾಂಡಿನಲ್ಲಿ ಕೇಳಿಬಂತು. ಆಟ ಪುಕ್ಕಟೆ ಅನ್ನುವುದರ ಅರ್ಥ ಇದೇ. ಆಡುವವನ ಕಣ್ಣನ್ನು ಮಾರಿ ಕಂಪನಿ ರೊಕ್ಕ ಮಾಡುತ್ತದೆ. ಜಾಹೀರಾತು ಬೇಡವೆಂದರೆ ತಿಂಗಳಿಗೋ ವರ್ಷಕ್ಕೋ ರೊಕ್ಕ ಕಟ್ಟಿರಿ ಅನ್ನುವ ಕಂಪನಿಗಳೂ ಇವೆ.

ಇದಕ್ಕೆ ಊರಿನ ಹುಡುಗರು ಕಂಡುಕೊಂಡ ಮದ್ದು ಸರಳ. ಡೇಟಾ ಬಂದ್ ಮಾಡಿ ಆಡುವುದು. ಬಹಳಷ್ಟು ಸಾಲಿಟೇರ್‌ಗಳು ನೆಟ್ ಇಲ್ಲದೆಯೂ ನಡೆಯುತ್ತವೆ, ನೆಟ್ ಇಲ್ಲದಿದ್ದರೆ ಹೊಸ ಜಾಹೀರಾತು ಇಳಿಯುವುದಿಲ್ಲ. ನೆಟ್ ಇಲ್ಲದೆ ಆಡಿಸುವುದೇ ಇಲ್ಲ ಎಂದು ಹಟ ಹಿಡಿಯುವ ಆಟವನ್ನು ತೆಗೆದು ಬೇರೆಯದು ಹಾಕಿಕೊಳ್ಳುವುದು. ಇಷ್ಟು ಹೇಳಿಕೊಟ್ಟರೆ ಮನೆಯ ಹಿರಿಯರಿಗೆ ದೊಡ್ಡ ಉಪಕಾರ.

ಕಚೇರಿಯ ಮಾತು ಬರದೆ ಇರುತ್ತದೆಯೇ? ಟೇಬಲ್ ಮುಂದೆ ಮಂದಿ ನಿಂತಿರುವಾಗ ಕಾರಕೂನ ಸಾಹೇಬರ ಬೆರಳು ಎಲೆ ಎಳೆಯುತ್ತಿರುತ್ತದೆ ಎಂಬ ದೂರು ಯಾವ ತಾಲೂಕಿಗೂ ಹೊಸದಲ್ಲ. 2006ರಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಕಚೇರಿಯೊಂದಕ್ಕೆ ಹೋದಾಗ ನೌಕರನೊಬ್ಬನ ಕಂಪ್ಯೂಟರಿನ ಮೇಲೆ ಸಾಲಿಟೇರ್ ಕಂಡು ಕೆಲಸದಿಂದಲೇ ತೆಗೆಸಿದರು. ಅಷ್ಟು ಕಠಿಣ ಆಗಬೇಕೆಂದು ಇಲ್ಲಿ ಯಾರೂ ಕೇಳುತ್ತಿಲ್ಲ. 'ಮುಂದ ಮಂದಿ ಇದ್ದಾಗ ಮೊಬೈಲ್ ಬೋರಲ ಇಡ್ರೀ ಸಾಹೇಬ್ರ' ಎಂಬಷ್ಟೇ ಬೇಡಿಕೆ.

ಮುಂಡರಗಿ: ರೊಕ್ಕದ ರಮ್ಮಿಯಿಂದ ಬಂದವನು

ಇಷ್ಟರತನಕ ಹೇಳಿದ್ದು ಹೊತ್ತು ಹೋಗಲೆಂದು ಆಡುವವರ ಮಾತು. ಮುಂಡರಗಿಯ ಅರಿವೆ ಅಂಗಡಿಯಲ್ಲಿ ಕೆಲಸ ಮಾಡುವ ಯುವಕನೊಬ್ಬನದು ಬೇರೆ ಕಥೆ. ಆತ ಸಾಲಿಟೇರ್‌ಗೆ ಬಂದದ್ದು ಮೊಬೈಲಿನ ರಮ್ಮಿಯಿಂದ. ಮೊದಲು ಸಣ್ಣ ಮೊತ್ತ ಗೆದ್ದ. ಆಮೇಲೆ ಹೋದದ್ದನ್ನು ಎಳಕೊಳ್ಳಲು ಆಡಿದ. ಮೋಟಾರ್‌ಸೈಕಲ್ ಮಾರಿದ. ಕೊನೆಗೆ, ಖಾನಾವಳಿಗೆ ರೊಟ್ಟಿ ಬಡಿದು ಕೊಡುವ ಅವ್ವನ ಬೋರಮಾಳ ಸೊಸೈಟಿಯಲ್ಲಿ ಅಡವು ಬಿತ್ತು.

ಇಂಥ ಆಟಕ್ಕೆ ಕಾನೂನು ಇರಲಿಲ್ಲವೇ ಎಂದು ಓದುಗರು ಕೇಳಬಹುದು. ಇತ್ತು, ಹೋಯಿತು, ಮತ್ತೆ ಬಂತು. ಕರ್ನಾಟಕ ಪೊಲೀಸ್ ಕಾಯ್ದೆ 1963ರದು. ಅದರಡಿ ಬಾಜಿ ಕಟ್ಟಿ ಆಡಿದರೆ ಜೂಜು, ಆದರೆ ಕೌಶಲದ ಆಟಕ್ಕೆ ರಿಯಾಯಿತಿ. ರಮ್ಮಿಯಲ್ಲಿ ನೆನಪು, ಜಾಣತನ ಬೇಕು, ಅದು ಬರೀ ನಸೀಬಿನ ಆಟವಲ್ಲ ಎಂದು ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1960ರ ದಶಕದಲ್ಲೇ ಹೇಳಿತ್ತು. ಆ ಮಾತಿನ ಆಸರೆಯಲ್ಲೇ ಮೊಬೈಲ್ ಕಂಪನಿಗಳು ಬೆಳೆದವು. ಕರ್ನಾಟಕ ಸರಕಾರ 2021ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ರೊಕ್ಕದ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೇ ಕಾಯ್ದೆ ಮಾಡಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ನಸೀಬೋ ಎಂಬ ವಾದಕ್ಕೇ ಅದರಲ್ಲಿ ಜಾಗವಿಲ್ಲ, ರೊಕ್ಕ ಕಟ್ಟಿ ಆಡಿಸುವುದೇ ಅಪರಾಧ. ಆಡಿಸುವವರಿಗೆ 3 ವರ್ಷದತನಕ ಸಜೆ, 1 ಕೋಟಿ ರೂಪಾಯಿತನಕ ದಂಡ. ಜಾಹೀರಾತು ಹಾಕಿದರೆ 2 ವರ್ಷ, 50 ಲಕ್ಷ. ಆಡಿದವನಿಗೆ ಶಿಕ್ಷೆ ಇಲ್ಲ. ಕಾಯ್ದೆಯನ್ನು ಪ್ರಶ್ನಿಸಿ ಕಂಪನಿಯವರು ಕೋರ್ಟಿಗೆ ಹೋದದ್ದು ಬೇರೆ ಮಾತು. ದೊಡ್ಡ ಕಂಪನಿಗಳು ಮಾತ್ರ ಆ ತಿಂಗಳೇ ರೊಕ್ಕದ ಆಟ ನಿಲ್ಲಿಸಿದವು.

ಸಾಲಿಟೇರ್ ಆಡುವವರು ಗಮನಿಸಬೇಕಾದದ್ದು ಇಲ್ಲಿದೆ. ಸುಮ್ಮನೆ ಹೊತ್ತು ಕಳೆಯಲು ಆಡುವ ಸಾಲಿಟೇರ್‌ಗೆ ಈ ಕಾಯ್ದೆಯ ಅಡ್ಡಿಯಿಲ್ಲ. ಆದರೆ ರೊಕ್ಕದ ಸಾಲಿಟೇರ್ ಎಂಬುದೂ ಇತ್ತು. ಇಬ್ಬರಿಗೂ ಒಂದೇ ಹಾಸು ಕೊಟ್ಟು, ಬೇಗ ಮುಗಿಸಿದವನಿಗೆ ಗಂಟು. ಹೆಸರು ಸಾಲಿಟೇರ್, ಕೆಲಸ ಅಂದರ್-ಬಾಹರ್‌ನದೇ! 'ಗೆದ್ದರೆ ಖಾತೆಗೆ ರೊಕ್ಕ' ಅನ್ನುವ ಸಾಲಿಟೇರ್ ಯಾರಾದರೂ ಕಳಿಸಿದರೆ ಹಾಕಿಕೊಳ್ಳದಿರುವುದೇ ಲೇಸು.

ಮುಂಡರಗಿಯ ಹುಡುಗನ ಮಾತಿಗೆ ಬರೋಣ. ರಮ್ಮಿ ನಿಂತಿತು, ಬೆರಳಿನ ತುರಿಕೆ ನಿಲ್ಲಲಿಲ್ಲ. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಕೈ ಮೊಬೈಲಿಗೆ ಹೋಗುತ್ತಿತ್ತು. ಸಾಲಿಟೇರ್ ಹಾಕಿಕೊಂಡ. ಎಲೆ ಅವೇ, ರಾಜ-ರಾಣಿಯರು ಅವರೇ. ಸೋತರೆ ಏನೂ ಆಗುವುದಿಲ್ಲ ಅನ್ನುವುದೇ ಮೊದಮೊದಲು ಸಪ್ಪಗೆ ಅನ್ನಿಸಿತಂತೆ. 'ಸೋತರೂ ಎದಿ ಹೊಡಕೊಳ್ಳಂಗಿಲ್ಲ ಅಂದ್ರ ಅದೂ ಒಂದು ಆಟ ಏನ್ರೀ, ಅನ್ನಸ್ತಿತ್ತು. ಈಗ ರೂಢಿ ಆಗೈತಿ' ಎನ್ನುತ್ತಾನೆ. ಇದರಿಂದ ಚಟ ಬಿಡುತ್ತದೆ ಎಂದು ಬರೆದರೆ ಅದು ಸುಳ್ಳಾದೀತು. ಕೆಲವರಿಗೆ ಇದೇ ಹಳೆಯ ದಾರಿ ನೆನಪು ಮಾಡಿಕೊಡಲೂಬಹುದು. ಎಲೆ ಕಂಡರೇ ಎದೆ ಬಡಿದುಕೊಳ್ಳುವವರು ವೈದ್ಯರನ್ನು ಕಾಣಬೇಕು. 14416 ಎಂಬುದು ಸರಕಾರದ ಟೆಲಿ-ಮನಸ್ ಸಹಾಯವಾಣಿ, ಪುಕ್ಕಟೆ. ಕನ್ನಡದಲ್ಲೇ ಮಾತಾಡಬಹುದು.

ಅವ್ವ ಮಾತ್ರ ಯಾವ ಎಲೆಯನ್ನೂ ನಂಬಲು ತಯಾರಿಲ್ಲ. ರೊಕ್ಕ ಇಲ್ಲದ ಇಸ್ಪೀಟು ಎಂದರೆ ಆಕೆಗೆ ಉಪ್ಪಿಲ್ಲದ ಖಾರಬ್ಯಾಳಿ ಇದ್ದಂಗ, ಎಂದೋ ಒಂದಿನ ಉಪ್ಪು ಬೀಳೂದ ಅಂತಾಳೆ. ಹೀಗಾಗಿ ಮನೆಯಲ್ಲಿ ಒಂದು ಕರಾರು ಆಗಿದೆ. ಸಿಮ್ ಕಾರ್ಡು ಇರುವುದು ಅವ್ವನ ಗುಂಡಿ ಒತ್ತುವ ಮೊಬೈಲಿನಲ್ಲಿ. ಮಗನ ಮೊಬೈಲಿಗೆ ಸಿಮ್ ಇಲ್ಲ, ನೆಟ್ ಇಲ್ಲ. ಅಂಗಡಿಯಿಂದ ಬಂದ ಮೇಲೆ ಆಕೆಯ ಕಣ್ಣೆದುರಿಗೇ, ಒಲೆಯ ಬಾಜೂಕ್ಕೆ ಕೂತು ಆಡಬೇಕು. ಎಷ್ಟು ಸಲ ಗೆದ್ದಿ ಎಂದು ಆಕೆ ಕೇಳುವುದಿಲ್ಲ. ಈ ತಿಂಗಳ ಕಂತು ಕಟ್ಟಿದೆಯಾ ಎಂದಷ್ಟೇ ಕೇಳುತ್ತಾಳೆ. ಸೊಸೈಟಿಯಲ್ಲಿ ಬೋರಮಾಳದ ಅಸಲು ಇನ್ನೂ ಅರ್ಧ ಬಾಕಿ ಇದೆ.